ವಿಂಧ್ಯಾವಳಿ ನೀರೆರೆಯಲಿಲ್ಲ

ಹುಣಿಸೆಹುಳಿ ಹಚ್ಚಿ ತಿಕ್ಕಿದ ಹಿತ್ತಾಳೆಗೆ ಒಂದು ವಾಸನೆಯಿದೆ. ಹುಳಿಯೂ ಲೋಹವೂ ಬೆರೆತು, ಕೈ ತೊಳೆದ ಮೇಲೂ ಬೆರಳ ಸಂದಿಯಲ್ಲಿ ಉಳಿಯುವ ವಾಸನೆ. ಠಾಣೆ ಪಟ್ಟಣದ ನನ್ನ ಬಾಡಿಗೆ ಮನೆಯ ಸಿಂಕಿನಲ್ಲಿ ದೀಪಾವಳಿಗೆ ಮೊದಲು ದೊಡ್ಡಮ್ಮನ ಗಿಂಡಿಯನ್ನು ತಿಕ್ಕುವಾಗ ಅದು ಏಳುತ್ತದೆ. ಅದರ ಹಿಂದೆಯೇ ಡೊಂಬಿವಲಿಯ ಆ ಎರಡು ಕೋಣೆಗಳು ಏಳುತ್ತವೆ. ಮಳೆಗಾಲ ಮುಗಿದು ತಿಂಗಳಾದರೂ ಒಣಗದ ಗೋಡೆ, ಕುಚ್ಚಲಕ್ಕಿ ಬೇಯುವ ಹಬೆ, ಬಾಗಿಲಲ್ಲಿ ಬುಟ್ಟಿ ಇಳಿಸಿ ದೊಡ್ಡಮ್ಮನೊಡನೆ ಬಂಗುಡೆಯ ಕಿವಿರು ಎತ್ತಿ ತೋರಿಸುತ್ತ ಜಗಳವಾಡುವ ಮೀನಿನ ಮಾವ್ಶಿ, ಹಿಂಗೋಡೆಯನ್ನು ನಡುಗಿಸುತ್ತ ಹೋಗುವ ಕಸಾರಾ ಲೋಕಲ್. ಕೊನೆಯಲ್ಲಿ ಸಿಟ್ಟು ಏಳುತ್ತದೆ. ಇಷ್ಟು ವರ್ಷಗಳಾದರೂ ಅದಕ್ಕೆ ಕಿಲುಬು ಹಿಡಿದಿಲ್ಲ.

ಅದು ನನ್ನ ಅಜ್ಜ, ಅಂದರೆ ಅಮ್ಮನ ಅಪ್ಪ, ಮಾಡಿದ ಮನೆ. ಉಡುಪಿಯ ಕಡೆಯಿಂದ ಬಂದು ಹೋಟೆಲುಗಳಲ್ಲಿ ಅಡುಗೆ ಮಾಡಿ ಅವರು ಕೊಂಡ ಎರಡು ಕೋಣೆಗಳಲ್ಲಿ ಒಂದರಲ್ಲಿ ಅಮ್ಮನ ಅಕ್ಕ, ಅಂದರೆ ದೊಡ್ಡಮ್ಮ, ಮತ್ತು ದೊಡ್ಡಪ್ಪ ಇದ್ದರು. ಇನ್ನೊಂದರಲ್ಲಿ ಅಮ್ಮ, ನಾನು, ಮಹಾಪೆಯ ಕಾರ್ಖಾನೆಯ ಪಾಳಿಗೆ ಹೋಗಿಬರುತ್ತಿದ್ದ ಅಪ್ಪ. ನಡುವಿನ ಬಾಗಿಲಿಗೆ ಚಿಲಕವೇ ಇರಲಿಲ್ಲ. ನಮ್ಮವರಲ್ಲಿ ಮನೆ ಹೆಣ್ಣುಮಕ್ಕಳ ಕಡೆಯಿಂದ ಇಳಿದು ಬರುವುದು ಹಳೆಯ ಕಟ್ಟು. ಅಜ್ಜ ಸಾಯುವ ಮೊದಲು ಹಾಗೆಂದು ಬಾಯಿಮಾತಿನಲ್ಲಿ ಹೇಳಿಯೂ ಇದ್ದರು. ಆದರೆ ಮನೆಗಳ ಸೊಸೈಟಿಯ ಆಫೀಸಿಗೆ ಓಡಾಡುವವರು ಗಂಡಸರು ತಾನೇ, ಆದ್ದರಿಂದ ಎರಡೂ ಕೋಣೆಗಳನ್ನು ದೊಡ್ಡಪ್ಪನ ಹೆಸರಿಗೆ ಬರೆಸಲಾಯಿತು. ಯಾರೂ ಅದನ್ನು ಎರಡನೆಯ ಬಾರಿ ಯೋಚಿಸಲಿಲ್ಲ.

ಹೊಸ್ತಿಲಾಚೆ ಮೂರು ಚಪ್ಪಡಿ ಅಗಲದ ಅಂಗಳವಿತ್ತು. ಎಣ್ಣೆ ಡಬ್ಬಿಯಲ್ಲಿ ತುಳಸಿ. ಬಲಿಪಾಡ್ಯಮಿಯ ಸಂಜೆ ದೊಡ್ಡಮ್ಮ ಅಲ್ಲಿ ದೀಪವಿಟ್ಟು, ತಟ್ಟೆಯಲ್ಲಿ ಅವಲಕ್ಕಿ, ಹೂವು ಇಟ್ಟು, ಪಾತಾಳದಿಂದ ವರ್ಷಕ್ಕೊಮ್ಮೆ ತನ್ನ ನೆಲ ನೋಡಲು ಬರುವ ಬಲಿಯನ್ನು ಕೂಗಿ ಕರೆಯುತ್ತಿದ್ದಳು. ಊರಿನಲ್ಲಿ ಗದ್ದೆಯ ಬದುವಿನಲ್ಲಿ ನಿಂತು ಕೂಗುವ ಆ ಉದ್ದನೆಯ 'ಕೂ', ಇಲ್ಲಿ ಪಟಾಕಿಗಳ ನಡುವೆ ನುಸುಳಿ ಎದುರು ಕಟ್ಟಡಕ್ಕೆ ಬಡಿದು ಬರುತ್ತಿತ್ತು. ಅಂಗಳದಾಚೆ ಮಣ್ಣಿನ ಕೋಟೆ ಕಟ್ಟುತ್ತಿದ್ದ ಮರಾಠಿ ಮಕ್ಕಳು ಕೈ ನಿಲ್ಲಿಸಿ ನೋಡುತ್ತಿದ್ದರು. "ಕುಣಾಲಾ ಬೋಲಾವತಾಯ್, ವೈನಿ?" ಯಾರನ್ನು ಕರೆಯುತ್ತಿದ್ದೀರಿ ಎಂದು ಪಕ್ಕದ ಮನೆಯಾಕೆ ಪ್ರತಿ ವರ್ಷ ಕೇಳುತ್ತಿದ್ದಳು. "ಆಮ್ಚ್ಯಾ ರಾಜಾಲಾ", ನಮ್ಮ ರಾಜನನ್ನು ಎಂದು ಪ್ರತಿ ವರ್ಷ ದೊಡ್ಡಮ್ಮ ಉತ್ತರಿಸುತ್ತಿದ್ದಳು. ನಿಮ್ಮ ಮನೆಯಲ್ಲೂ ಹೀಗೆ ಯಾರನ್ನೋ ಕರೆಯುತ್ತಿದ್ದಿರಬಹುದು. ಕರೆಯುವವರು ಹೋದ ಮೇಲೆ ಬರುವವರು ಏನು ಮಾಡುತ್ತಾರೆಂದು ನೀವೂ ಯೋಚಿಸಿರಬಹುದು.

ನಾನು ಆರನೆಯ ಕ್ಲಾಸಿನಲ್ಲಿದ್ದ ವರ್ಷದ ಮಳೆಗಾಲದಲ್ಲಿ ಒಂದು ರಾತ್ರಿ ಊಟಕ್ಕೆ ಕುಳಿತಾಗ ದೊಡ್ಡಪ್ಪ, ಉಪ್ಪಿನಕಾಯಿ ಕೇಳುವ ದನಿಯಲ್ಲೇ, ಮನೆ ಮಾರುವ ಮಾತು ಮುಗಿಸಿ ಬಂದಿದ್ದೇನೆ ಎಂದರು. ಟಿಟ್ವಾಳಾದಲ್ಲಿ ಹೊಸ ಫ್ಲ್ಯಾಟು, ಒಳ್ಳೆ ಗಾಳಿ, ನಡೆದುಹೋಗುವಷ್ಟು ದೂರದಲ್ಲಿ ಗಣಪತಿ ದೇವಸ್ಥಾನ. ನಿನ್ನ ತಂಗಿಯ ಮನೆಯವರಿಗೂ ಒಂದು ಪಾಲು ಕೊಡುತ್ತೇನೆ, ಕಲ್ಯಾಣದಲ್ಲಿ ಬಾಡಿಗೆಗೆ ನೋಡಿಕೊಳ್ಳಲಿ. ಇದನ್ನೆಲ್ಲ ಅವರು ಉದಾರವಾಗಿಯೇ ಹೇಳಿದರು. ಅವರು ಕೆಟ್ಟವರಲ್ಲ, ಇದನ್ನು ಬರೆಯಲೇಬೇಕು. ಕುಡಿಯುತ್ತಿರಲಿಲ್ಲ, ಕೈ ಎತ್ತುತ್ತಿರಲಿಲ್ಲ, ನನಗೆ ಸ್ಟೇಷನ್ನಿನಿಂದ ಚಿಕ್ಕಿ ತರುತ್ತಿದ್ದರು. ನನ್ನ ಸಿಟ್ಟಿಗೆ ಇದರಿಂದ ಕಷ್ಟವಾಗುತ್ತದೆಯೇ ಹೊರತು ಅದು ಕಡಿಮೆಯಾಗುವುದಿಲ್ಲ. ದೊಡ್ಡಮ್ಮ ಸಾರಿನ ಸೌಟನ್ನು ಪಾತ್ರೆಯಲ್ಲೇ ಬಿಟ್ಟು, "ನನ್ನತ್ರ ಕೇಳ್ಬೇಕಂತ ಕಾಣ್ಲಿಲ್ವಾ ನಿಮಗೆ?" ಎಂದಳು.

"ಈಗ ಹೇಳಿದೆನಲ್ಲ," ಎಂದರು ದೊಡ್ಡಪ್ಪ.

ಆ ವಾರವೇ ಅವಳು ನಾಟಕ ಬರೆಯಲು ಕುಳಿತಳು. ನಮ್ಮ ಕನ್ನಡ ಸಂಘ ಪ್ರತಿ ದೀಪಾವಳಿಗೆ ಬಲಿಯ ಕಥೆಯನ್ನೇ ಆಡುತ್ತಿತ್ತು. ದಾನಶೂರ ಬಲಿಯ ಬಳಿ ಪುಟ್ಟ ವಾಮನ ಬಂದು ಮೂರು ಹೆಜ್ಜೆ ನೆಲ ಬೇಡುತ್ತಾನೆ. ಬಲಿಯ ಹೆಂಡತಿ ವಿಂಧ್ಯಾವಳಿ ಗಂಡನ ಕೈಗೆ ಗಿಂಡಿಯಿಂದ ನೀರೆರೆಯಬೇಕು, ಆಗಲೇ ದಾನ ಪೂರ್ತಿ. ಗುರು ಶುಕ್ರಾಚಾರ್ಯ ಮೋಸ ತಿಳಿದು, ಸಣ್ಣ ರೂಪ ತಾಳಿ ಗಿಂಡಿಯ ಮೂತಿಯೊಳಗೆ ಅಡ್ಡ ಕೂರುತ್ತಾನೆ. ನೀರು ಬರುವುದಿಲ್ಲ. ವಾಮನ ದರ್ಭೆಯಿಂದ ಚುಚ್ಚುತ್ತಾನೆ, ಗುರುವಿನ ಒಂದು ಕಣ್ಣು ಹೋಗುತ್ತದೆ, ನೀರು ಹರಿಯುತ್ತದೆ, ವಾಮನ ಬೆಳೆದು ಎರಡು ಹೆಜ್ಜೆಯಲ್ಲಿ ಭೂಮಿ ಆಕಾಶ ಅಳೆದು ಮೂರನೆಯದನ್ನು ಬಲಿಯ ತಲೆಯ ಮೇಲಿಡುತ್ತಾನೆ. ಸಂಘದ ಹಳೆಯ ಪ್ರತಿಯಲ್ಲಿ ವಿಂಧ್ಯಾವಳಿಗೆ ಒಂದೂ ಮಾತಿರಲಿಲ್ಲ. ಆ ವರ್ಷ ಹೊಸತೇನಾದರೂ ಇದ್ದರೆ ಕೊಡಿ ಎಂದು ಸಂಘದವರೇ ಕೇಳಿದ್ದರು. ದೊಡ್ಡಮ್ಮ ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಹಳೆಯ ಕ್ಯಾಲೆಂಡರಿನ ಹಾಳೆಗಳ ಹಿಂದೆ ಬರೆದಳು, ನಾನು ಎದುರು ಕುಳಿತು ವಾಮನನ ಮಾತು ಓದುತ್ತಿದ್ದೆ. ಅವಳ ನಾಟಕದಲ್ಲಿ ನೀರು ತಡೆಯುವುದಕ್ಕೆ ಶುಕ್ರಾಚಾರ್ಯ ಬೇಕಿರಲಿಲ್ಲ. ವಿಂಧ್ಯಾವಳಿ ಗಿಂಡಿ ಹಿಡಿದು ನಿಂತು ಕೇಳುತ್ತಿದ್ದಳು: "ಬೇಡುವವನು ಬೇಡಿದ, ಕೊಡುವವನು ಕೊಟ್ಟ. ಈ ನೆಲವನ್ನು ದಿನವೂ ಗುಡಿಸಿದವಳನ್ನು ನಿಮ್ಮಲ್ಲಿ ಯಾರು ಕೇಳಿದಿರಿ?" ಇದಕ್ಕೆ ಬಲಿ ಉತ್ತರ ಕೊಡುವವರೆಗೆ ನಾಟಕ ಮುಂದೆ ಹೋಗುತ್ತಿರಲಿಲ್ಲ. ಬಲಿಯ ಪಾತ್ರ ಪ್ರತಿ ವರ್ಷ ದೊಡ್ಡಪ್ಪನದು. ಊರಿನಲ್ಲಿ ಯಕ್ಷಗಾನದಲ್ಲಿ ಕುಣಿದ ಗಂಟಲು ಅವರದು. ಮನೆಯಲ್ಲಿ ಸಿಗದ ಉತ್ತರವನ್ನು ಇಡೀ ಡೊಂಬಿವಲಿಯ ಕನ್ನಡಿಗರೆದುರು ಅವರ ಬಾಯಿಂದ ಪಡೆಯಬೇಕೆಂದು ಅವಳು ಲೆಕ್ಕ ಹಾಕಿದ್ದಳು.

ನಾಟಕ ಆರಿಸುವ ಸಭೆ ಒಂದು ಭಾನುವಾರ ಮಧ್ಯಾಹ್ನ ಶಾಲೆಯೊಂದರ ಕೋಣೆಯಲ್ಲಿ ನಡೆಯಿತು. ದೊಡ್ಡವರು ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ತುರುಕಿಕೊಂಡು ಕುಳಿತಿದ್ದರು. ದೊಡ್ಡಮ್ಮ ಓದಿದಳು, ವಾಮನನ ಮಾತು ನಾನು ಓದಿದೆ. ಮೊದಮೊದಲು ನಗೆ ಬಂತು, ಆಮೇಲೆ ನಿಂತಿತು. ಓದಿ ಮುಗಿದಾಗ ಕಾರ್ಯದರ್ಶಿ ಕುಲಕರ್ಣಿಯವರು, ಧಾರವಾಡದ ಕಡೆಯವರು, ವರ್ಷವರ್ಷವೂ ಶುಕ್ರಾಚಾರ್ಯನಾಗುತ್ತಿದ್ದವರು, ಕನ್ನಡಕ ತೆಗೆದು ಒರೆಸಿಕೊಂಡರು.

"ಅಕ್ಕಾರ, ಛಲೋ ಬರದೀರಿ. ಆದ್ರ ಹಬ್ಬದ ದಿನಾ ಗಂಡಾ ಹೆಂಡ್ತಿ ಜಗಳಾ ನೋಡಾಕ ಮಂದಿ ಇಲ್ಲೀತನಾ ಯಾಕ ಬರ್ಬೇಕ್ರಿ? ಮನ್ಯಾಗಽ ಪುಕ್ಕಟೆ ಸಿಗ್ತದಲ್ರೀ."

ಎಲ್ಲರೂ ನಕ್ಕರು. ಅಧ್ಯಕ್ಷ ಶೇಖರಣ್ಣ, ಸ್ಟೇಷನ್ ಬಳಿ ಹೋಟೆಲಿದ್ದವರು, ಸಮಾಧಾನದ ದನಿ ತೆಗೆದರು. "ಒಳ್ಳೇದುಂಟು ಅಕ್ಕ, ಇಲ್ಲ ಅಂತ ಹೇಳುದಿಲ್ಲ. ಇದನ್ನು ಮಹಿಳಾ ದಿನಾಚರಣೆಗೆ ಇಟ್ಟುಕೊಳ್ಳುವ. ದೀಪಾವಳಿಗೆ ಹಳೇದೇ ಆಗ್ಲಿ, ಮಕ್ಕಳಿಗೆ ನಗಾಡ್ಲಿಕ್ಕೆ ಉಂಟಲ್ಲ."

"ಮತ್ತೆ ನನ್ನನ್ನು ಯಾಕೆ ಓದ್ಲಿಕ್ಕೆ ಕರೆದದ್ದು?" ಎಂದು ದೊಡ್ಡಮ್ಮ ಕೇಳಿದಳು.

"ಎಂತ ಅಕ್ಕ ನೀವು, ಬೇಜಾರು ಮಾಡಿಕೊಳ್ಬೇಡಿ. ವಿಂಧ್ಯಾವಳಿ ನೀವೇ ಆಗಿ. ಮಾತು ಕಲಿಯುವ ತಲೆಬಿಸಿ ಇಲ್ಲ. ಗಂಡ ಹೆಂಡತಿ ಜೋಡಿ, ಫೋಟೋಕ್ಕೂ ಚಂದ."

ಹಳೆಯದಕ್ಕೆ ಒಪ್ಪಿಗೆ ಇರುವವರು ಕೈ ಎತ್ತಿ ಎಂದು ಶೇಖರಣ್ಣ ಕೇಳಿದರು. ಬೆಂಚುಗಳಿಂದ ಕೈಗಳು ಎದ್ದವು. ದೊಡ್ಡಪ್ಪನ ಕೈ ಎದ್ದದ್ದು ತಡವಾಗಿ, ಆದರೆ ಎದ್ದಿತು. ಅವಳ ಕಡೆ ನೋಡದೆ, ಗೋಡೆಯ ಮೇಲಿದ್ದ ಮಹಾರಾಷ್ಟ್ರದ ನಕ್ಷೆಯನ್ನು ನೋಡುತ್ತ ಎತ್ತಿದರು. ಕ್ಯಾಲೆಂಡರಿನ ಹಾಳೆಗಳನ್ನು ಕುಲಕರ್ಣಿಯವರು ಮಹಿಳಾ ದಿನಾಚರಣೆಗೆಂದು ಇಟ್ಟುಕೊಂಡರು. ಅವು ಮತ್ತೆ ಸಿಗಲಿಲ್ಲ.

ಆ ವರ್ಷ ವಾಮನ ನಾನು. ಸಂಘದ ಉಳಿದ ಮಕ್ಕಳು ಹಿಂದಿಯಲ್ಲಿ ಉತ್ತರಿಸುವವರಾದ್ದರಿಂದ ಹುಡುಗಿಯಾದರೂ ಪರವಾಗಿಲ್ಲ ಎಂದಾಯಿತು. ದೊಡ್ಡಮ್ಮ ಒಂದು ತಾಲೀಮನ್ನೂ ತಪ್ಪಿಸಲಿಲ್ಲ. ಮನೆಯಿಂದ, ಅಜ್ಜಿಯಿಂದ ತನಗೆ ಬಂದ ಗಿಂಡಿಯನ್ನೇ ತಂದಳು, ತಿಕ್ಕಿ ಹೊಳಪಿಸಿ. ದಿನವೂ ಎಲ್ಲಿ ಎರೆಯಬೇಕೋ ಅಲ್ಲಿ ಎರೆದಳು. ಬಲಿಪಾಡ್ಯಮಿಯ ಸಂಜೆ ಸಭಾಂಗಣ ತುಂಬಿತ್ತು. ಕುಲಕರ್ಣಿಯವರು ಗಿಂಡಿಯೊಳಗೆ ಹೊಕ್ಕವರಂತೆ ನಟಿಸಿದರು, ನಾನು ದರ್ಭೆಯಿಂದ ಚುಚ್ಚಿದೆ, ಅವರು ಕಣ್ಣು ಮುಚ್ಚಿಕೊಂಡು "ಸತ್ನೆಪ್ಪೋ" ಎಂದು ಅರಚುತ್ತ ಒಳಗೆ ಓಡಿದರು. ಸಭೆ ಬಿದ್ದು ಬಿದ್ದು ನಕ್ಕಿತು. ನಗೆ ಇಳಿಯಿತು. ದೊಡ್ಡಪ್ಪ ಥರ್ಮಾಕೋಲಿನ ಕಿರೀಟದ ಕೆಳಗೆ ಗಂಭೀರವಾಗಿ ಕೈ ಚಾಚಿದರು, ಅದರ ಕೆಳಗೆ ನಾನು ಅಂಗೈ ಹಿಡಿದೆ. ನೀರು ಬರಲಿಲ್ಲ.

ತಲೆ ಎತ್ತಿ ನೋಡಿದೆ. ಗಿಂಡಿ ನೆಟ್ಟಗಿತ್ತು. ದೊಡ್ಡಮ್ಮ ಅದನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದು, ಗಂಡನ ಮುಖವನ್ನೇ ನೋಡುತ್ತಿದ್ದಳು.

"ನೀರು ಬಿಡು," ಎಂದರು ದೊಡ್ಡಪ್ಪ ತುಟಿ ಅಲ್ಲಾಡಿಸದೆ. ಆಮೇಲೆ, "ಜನ ನೋಡ್ತಿದ್ದಾರೆ."

"ನೋಡ್ಲಿ," ಎಂದಳು ಅವಳು.

ಸಭೆಯಲ್ಲಿ ಯಾರೋ ಕೂಗಿದರು: "ಶುಕ್ರಾಚಾರ್ಯ ಮತ್ತೆ ಹೊಕ್ಕಿದ್ದಾನೆ." ಶಿಳ್ಳೆ ಬಿತ್ತು. ಪರದೆಯ ಸಂದಿಯಿಂದ ಕುಲಕರ್ಣಿಯವರು ತಲೆ ಹಾಕಿ, "ನಾ ಇಲ್ಲೇ ಅದೀನ್ರೀ" ಎಂದುಬಿಟ್ಟರು. ನಗೆ ಛಾವಣಿ ಮುಟ್ಟಿತು. ಪಕ್ಕದಿಂದ ಶೇಖರಣ್ಣ "ಚುಚ್ಚು ಮಗಾ, ಇನ್ನೊಂದ್ಸಲ ಚುಚ್ಚು" ಎಂದು ನನಗೆ ಪಿಸುಗುಟ್ಟಿದರು. ನಾನು ಚುಚ್ಚಲಿಲ್ಲ. ಅಡ್ಡ ಕೂತವರು ಯಾರೂ ಇಲ್ಲವೆಂದು ಅಷ್ಟು ಹತ್ತಿರದಿಂದ ನನಗೆ ಕಾಣುತ್ತಿತ್ತು. ಕೊನೆಗೆ ದೊಡ್ಡಪ್ಪ ಎಡಗೈಯಿಂದ ಗಿಂಡಿ ಕಿತ್ತುಕೊಂಡು ತನ್ನ ಬಲಗೈಗೆ ತಾನೇ ಸುರಿದುಕೊಂಡರು. ನಮ್ಮಲ್ಲಿ ಮದುವೆಯ ಧಾರೆಗೂ ಹೆಣ್ಣಿನ ತಾಯಿಯೇ ನೀರೆರೆಯಬೇಕು, ಅವಳಿಲ್ಲದಿದ್ದರೆ ಅತ್ತೆಯನ್ನೋ ಚಿಕ್ಕಮ್ಮನನ್ನೋ ಹುಡುಕಿ ತರುತ್ತಾರೆ. ಗಂಡಸು ತನ್ನ ಕೈಗೆ ತಾನು ಸುರಿದುಕೊಂಡದ್ದು ಊಟದ ನಂತರ ಕೈ ತೊಳೆದ ಹಾಗೆ. ಅಲ್ಲಿದ್ದ ಪ್ರತಿಯೊಬ್ಬರಿಗೂ ಅದು ಗೊತ್ತಿತ್ತು. ನನ್ನ ಅಂಗೈಗೆ ತಣ್ಣನೆಯ ನೀರು ಬಿತ್ತು, ಹಿಂದಿನಿಂದ ದೊಡ್ಡ ಕಾಲಿನ ಚಿತ್ರ ಎದ್ದಿತು, ಚಪ್ಪಾಳೆಯಾಯಿತು.

ನಾಟಕ ಮುಗಿದ ಮೇಲೆ ಅರ್ಧ ಜನ ಅವಳು ಮರೆತಳೆಂದರು, ಉಳಿದರ್ಧ ಜನ ಆ ತಮಾಷೆಯನ್ನು ಎಷ್ಟು ಚೆನ್ನಾಗಿ ಎಳೆದಿರಿ ಎಂದು ದೊಡ್ಡಪ್ಪನ ಬೆನ್ನು ತಟ್ಟಿದರು. ಅವಳು ಒಲ್ಲೆ ಎಂದದ್ದು ಯಾರಿಗೂ ಹೊಳೆಯಲಿಲ್ಲ. ಇದು ನನ್ನನ್ನು ಸುಡುತ್ತದೆ. ಬೈದಿದ್ದರೆ, ಸಂಘದಿಂದ ತೆಗೆದಿದ್ದರೆ, ಆಗಲಾದರೂ ಅವಳ ಮಾತು ಯಾರಿಗೋ ತಾಗಿತೆಂದು ಆಗುತ್ತಿತ್ತು. ಅವರು ನಕ್ಕರು, ಲಾಡು ಹಂಚಿದರು. ಮನೆಗೆ ಬಂದು ಅವಳು ದೊಡ್ಡಪ್ಪನಿಗೆ ಹೇಳಿದ್ದು ಇಷ್ಟೇ: "ನಾನು ಎರೆಯಲಿಲ್ಲ. ನೆನಪಿಟ್ಟುಕೊಳ್ಳಿ." ಆ ಸಂಜೆ ಅಂಗಳದಲ್ಲಿ ದೀಪವಿಡುವ ಹೊತ್ತು ಮೀರಿಹೋಗಿತ್ತು. ಆದರೂ ಇಟ್ಟಳು, ಕೂಗಿದಳು. ಅದೇ ಕೊನೆಯದೆಂದು ನನಗೆ ಗೊತ್ತಿರಲಿಲ್ಲ.

ಮುಂದಿನ ಮಳೆಗಾಲಕ್ಕೆ ಮೊದಲು ಮನೆ ಹೋಯಿತು. ನಾವು ಕಲ್ಯಾಣಕ್ಕೆ ಬಂದೆವು, ಅವರು ಟಿಟ್ವಾಳಾಕ್ಕೆ. ಚಿಲಕವಿಲ್ಲದ ಬಾಗಿಲಿನ ಎರಡು ಬದಿಗಳ ನಡುವೆ ರೈಲು ಬಂತು. ಅಲ್ಲಿ ಗಾಳಿ ಒಳ್ಳೆಯದಾಗಿಯೇ ಇತ್ತು. ಅದನ್ನು ಸೇವಿಸಲು ದೊಡ್ಡಪ್ಪನಿಗೆ ಸಿಗುತ್ತಿದ್ದದ್ದು ಭಾನುವಾರ ಮಾತ್ರ. ಬಲಿಪಾಡ್ಯಮಿಗೆ ನಾವು ಹೋದಾಗ ದೊಡ್ಡಮ್ಮ ದೋಸೆ ಹುಯ್ಯುತ್ತಿದ್ದಳು, ಬಾಲ್ಕನಿಯಲ್ಲಿ ತುಳಸಿಯಿತ್ತು, ದೀಪವಿರಲಿಲ್ಲ. ಯಾಕೆ ಕರೆಯುವುದಿಲ್ಲ ಎಂದು ಕೇಳಿದೆ.

"ಅವನಿಗೆ ಗೊತ್ತಿರುದು ಡೊಂಬಿವಲಿಯ ಮನೆ. ಬಂದ್ರೆ ಅಲ್ಲಿಗೇ ಬರ್ತಾನೆ," ಎಂದು ದೋಸೆ ಮಗುಚಿದಳು. "ನೀನು ಬಿಸಿ ಇರುವಾಗ ತಿನ್ನು."

ಅವಳು ತೀರಿಕೊಂಡ ಮೇಲೆ ದೊಡ್ಡಪ್ಪ ಗಿಂಡಿಯನ್ನು ಹಳೆಯ ಟವೆಲಿನಲ್ಲಿ ಸುತ್ತಿ ನನಗೆ ಕೊಟ್ಟರು. ಏನೋ ಹೇಳಲು ಬಾಯಿ ತೆರೆದು, ಲೋಕಲ್‌ನ ಸಮಯ ಕೇಳಿದರು.

ಹೋದ ವರ್ಷ ಸಂಘದವರು ನನ್ನನ್ನೂ ನಾಟಕ ಆರಿಸುವ ಸಮಿತಿಗೆ ಸೇರಿಸಿಕೊಂಡರು. ಓದಿದ ಹುಡುಗಿ, ಹೊಸ ತಲೆಮಾರು ಎಂದೆಲ್ಲ. ನಾನು ಬೇರೆ ನಾಟಕ ನೋಡೋಣ ಎಂದೆ. ತಲೆಗೆ ಬಣ್ಣ ಹಚ್ಚಿದ ಶೇಖರಣ್ಣ ಕೈಯಾಡಿಸಿದರು. "ಬೇಡ ಮಗಾ, ಹಳೇದಕ್ಕೆ ಸಮ ಯಾವುದೂ ಇಲ್ಲ. ಅದರಲ್ಲೂ ನಿನ್ನ ದೊಡ್ಡಮ್ಮ ಮರೆತುಹೋಗಿ ಆದ ಆ ಸೀನು ಉಂಟಲ್ಲ, ಈಗ ಅದನ್ನು ಪ್ರತಿಯಲ್ಲೇ ಬರೆದಿಟ್ಟಿದ್ದೇವೆ. ಎರಡು ಸಲ ನೀರು ನಿಲ್ಲುದು. ಜನ ಅದಕ್ಕೇ ಬರುದು."

"ಅವರು ಮರೆಯಲಿಲ್ಲ, ಬೇಕೆಂದೇ ಎರೆಯಲಿಲ್ಲ," ಎಂದೆ. ನನ್ನ ದನಿ ನಾನಂದುಕೊಂಡದ್ದಕ್ಕಿಂತ ಸಣ್ಣದಾಗಿತ್ತು.

"ಹೌದಾ ಮಾರಾಯ್ತಿ," ಎಂದು ಅವರು ನಿಜವಾಗಿ ಆಶ್ಚರ್ಯಪಟ್ಟರು. ಆಮೇಲೆ, ಹಳೆಯದಕ್ಕೆ ಒಪ್ಪುವವರು ಕೈ ಎತ್ತಿ ಎಂದರು. ಎತ್ತದೇ ಉಳಿದದ್ದು ನನ್ನದೊಂದೇ.

ಆದರೂ ನೋಡಲು ಹೋದೆ, ಕೊನೆಯ ಸಾಲಿನಲ್ಲಿ ಕುಳಿತೆ. ರಾಣಿಯಾದ ಹುಡುಗಿಗೆ ಕನ್ನಡ ಸರಿಯಾಗಿ ಬಾರದು, ಆ ಪಾತ್ರಕ್ಕೆ ಬೇಕಾಗಿಯೂ ಇಲ್ಲ. ಶುಕ್ರಾಚಾರ್ಯ ಅರಚಿ ಓಡಿದ ಮೇಲೆ ಅವಳು ಹೇಳಿಕೊಟ್ಟಂತೆ ಗಿಂಡಿಯನ್ನು ಎದೆಗೆ ಹಿಡಿದು ನೆಟ್ಟಗೆ ನಿಂತಳು. ಸಭೆ ನಗತೊಡಗಿತು. ನನ್ನ ಪಕ್ಕದವರು ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಗಿಂಡಿಯನ್ನೇ ನೋಡುತ್ತಿದ್ದೆ. ಆ ನಗೆ ಇರುವಷ್ಟು ಹೊತ್ತು ನೀರು ಒಳಗೇ ಇತ್ತು, ಯಾರೂ ಏನನ್ನೂ ಕೊಟ್ಟಿರಲಿಲ್ಲ, ಎಣ್ಣೆ ಡಬ್ಬಿಯ ತುಳಸಿ ಇದ್ದಲ್ಲೇ ಇತ್ತು, ನಡುವಿನ ಬಾಗಿಲು ತೆರೆದೇ ಇತ್ತು. ಆಮೇಲೆ ಹುಡುಗಿ ಗಿಂಡಿಯನ್ನು ಬಗ್ಗಿಸಿದಳು.