ಆಟಿ ತಿಂಗಳಲ್ಲಿ ಉಗ್ರಾಣ ಕಟ್ಟುವ ಬಗ್ಗೆ

ಮಿತ್ರರಲ್ಲಿ ಇಂದಿನ ನಿವೇದನೆ:

೧. ಸ್ಥಳ: ಬೋಳಾರದ ನಮ್ಮ ಮನೆ.
೨. ಅಹವಾಲುದಾರಳು: ಮೊಮ್ಮಗಳು ಶ್ರಾವ್ಯ, ಒಂಬತ್ತನೇ ತರಗತಿ.
೩. ವಿಷಯ: ಅವಳ ಕಂಪ್ಯೂಟರ್ ಆಟದೊಳಗಿನ, ರಾಜರ ಕಾಲದ ಒಂದು ಹಳ್ಳಿ.

ಸದರಿ ಹಳ್ಳಿಯಲ್ಲಿದ್ದ ಮರ ಒಂದೇ ಕಟ್ಟಡಕ್ಕೆ ಸಾಕಾಗುತ್ತಿತ್ತು. ಕುಲುಮೆಯೋ, ಕಾವಲು ಗೋಪುರವೋ, ಉಗ್ರಾಣವೋ ಎಂದು ಅವಳು ನನ್ನ ಅಭಿಪ್ರಾಯ ಕೇಳಿದಳು. ಉಗ್ರಾಣವೇ ಸರಿ, ಆದರೆ ಈಗ ಜಡಿಮಳೆಯ ಆಟಿ ತಿಂಗಳು. ಆಟಿಯಲ್ಲಿ ತುಳುವರು ಹೊಸ ಕಟ್ಟಡಕ್ಕೆ ಕೈಹಾಕುವ ಪದ್ಧತಿ ಇಲ್ಲವೆಂದು ತಿಳಿಯಪಡಿಸಿದೆನು.

"ಅಜ್ಜ, ಅಲ್ಲಿ ಆಟಿ ಇಲ್ಲ! ಅಲ್ಲಿ ಹಿಮ ಬೀಳ್ಲಿಕ್ಕೆ ಶುರು ಆಗಿದೆ. ಧಾನ್ಯ ಒದ್ದೆ ಆದ್ರೆ ಹನ್ನೊಂದು ಜನ ಸಾಯ್ತಾರೆ."

"ಕಟ್ಟುವವರು ನಾವಲ್ಲವಾ? ನಮಗೆ ಆಟಿ ಉಂಟು ಮಗಾ."

ಅವಳ ಕಣ್ಣು ತುಂಬಿತು. ಅದು ಮೂರು ವಾರಗಳ ಶ್ರಮದ ಹಳ್ಳಿ. ಕೂಲಂಕಷವಾಗಿ ಪರಿಶೀಲಿಸಲಾಗಿ, ಊರಂಚಿನಲ್ಲಿ ಮಾಡು (ಛಾವಣಿ) ಕುಸಿದ ಹಳೆಯ ಕುದುರೆ ಲಾಯವೊಂದು ಕಂಡುಬಂತು. ಅದನ್ನೇ ದುರಸ್ತಿ ಮಾಡಿ ಉಗ್ರಾಣವಾಗಿ ಬಳಸಬಹುದು. ಹಳೆಯದರ ದುರಸ್ತಿಗೆ ಆಟಿಯ ಅಡ್ಡಿ ಅನ್ವಯಿಸದು ಎಂದು ಆದೇಶಿಸಿದೆನು. ಹನ್ನೊಂದು ಮಂದಿಯೂ ಬದುಕಿದರು.

ಆಗ ನನ್ನ ಪತ್ನಿ ಅಡುಗೆಮನೆಯಿಂದ ಹೊರಬಂದಳು. "ಆಟಿಯಲ್ಲಿ ದುರಸ್ತಿ ಮಾಡಬಹುದಾ? ಹಾಗಾದ್ರೆ ಬಚ್ಚಲಿನ ಮಾಡು ಸೋರ್ತದೆ ಅಂದಾಗ ಆಟಿ ಮುಗೀಲಿ ಅಂತ ಹೇಳಿದ್ದು ಎಂತಕ್ಕೆ ಮಾರಾಯ್ರೆ?"

ಮೇಲ್ಮನವಿಗೆ ಅವಕಾಶವಿರಲಿಲ್ಲ. ಮಳೆ ಬಿಟ್ಟ ಕೂಡಲೇ ಏಣಿ ಹತ್ತತಕ್ಕದ್ದೆಂದು ನನಗೆ ಆದೇಶವಾಗಿರುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಸಂಜೀವ, ಬೋಳಾರ

ಲಗತ್ತು: ದುರಸ್ತಿಯಾದ ಲಾಯದ ಚಿತ್ರ, ಒಂದು. ಬಚ್ಚಲಿನ ಚಿತ್ರವನ್ನು ಲಗತ್ತಿಸಿರುವುದಿಲ್ಲ.