ನೀರಿಲ್ಲದ ಹೊಂಡದಲ್ಲಿ ಲಗ್ನ

ಮುಧೋಳದಿಂದ ಲೋಕಾಪುರದ ಕಡೆಗೆ ಹೋಗುವ ರಸ್ತೆಯ ಪಕ್ಕ ಒಂದು ವಾಟರ್ ಪಾರ್ಕ್ ಇತ್ತು. ದೊಡ್ಡ ಊರಿನವರು ನೋಡಿದರೆ ನಗಬಹುದು. ನಾಲ್ಕು ಜಾರುಬಂಡಿ, ಮಕ್ಕಳಿಗೊಂದು ಮೊಣಕಾಲುದ್ದದ ಹೊಂಡ, ಮೋಟಾರು ಹಾಕಿದರೆ ಅಲೆ ಏಳುವ ಇನ್ನೊಂದು ದೊಡ್ಡ ಹೊಂಡ, ಅಷ್ಟೇ. ಆದರೂ ಬೇಸಿಗೆಯಲ್ಲಿ ಬೀಳಗಿಯಿಂದ, ಸಾವಳಗಿಯಿಂದ ಜನ ಗಾಡಿ ಮಾಡಿಕೊಂಡು ಬರುತ್ತಿದ್ದರು. ನಾನು ಅಲ್ಲಿ ಟಿಕೆಟ್ ಕೊಡುತ್ತಿದ್ದೆ. ನನ್ನ ಗಂಡ ಪಂಪು, ಮೋಟಾರು ನೋಡಿಕೊಳ್ಳುತ್ತಿದ್ದರು. ಆ ಕೆಲಸವನ್ನು ಅವರು ಕಲಿತದ್ದು ನಮ್ಮೂರು ರಬಕವಿಯ ಪವರ್‌ಲೂಮುಗಳಲ್ಲಿ. ಮಗ್ಗದ ಮೋಟಾರು ಬಿಚ್ಚಿ ಕಟ್ಟಿದವರಿಗೆ ನೀರಿನ ಮೋಟಾರು ದೊಡ್ಡದೇನಲ್ಲ ಎನ್ನುತ್ತಿದ್ದರು.

ಅವರ ತಮ್ಮ, ಅಂದರೆ ನನ್ನ ಮೈದುನ, ಸಮುದ್ರದಲ್ಲಿ ಪ್ರವಾಸಿಗಳನ್ನು ತಿರುಗಾಡಿಸುವ ಕ್ರೂಸ್ ಹಡಗಿನಲ್ಲಿ ಕೋಣೆ ಸ್ವಚ್ಛ ಮಾಡುವ ಕೆಲಸದಲ್ಲಿದ್ದ. ಒಂಬತ್ತು ತಿಂಗಳು ಹಡಗಿನಲ್ಲಿ, ಎರಡು ತಿಂಗಳು ಮನೆಯಲ್ಲಿ. ಅಣ್ಣ ತಮ್ಮ ಇಬ್ಬರೂ ಮಂದಿಯ ಸೂಟಿ, ರಜೆಗಳ ಮೇಲೆ ಹೊಟ್ಟೆ ಹೊರೆಯುವವರು. ಮಂದಿ ಮನೆಯಲ್ಲೇ ಕೂತರೆ ನಮ್ಮ ಗತಿ ಏನು ಎಂದು ನಾವು ಯಾವತ್ತೂ ಯೋಚಿಸಿರಲಿಲ್ಲ.

ಆ ವರ್ಷ ಏಪ್ರಿಲ್‌ನಲ್ಲಿ ಮೈದುನ ಬರುವವನಿದ್ದ. ಮೇ ತಿಂಗಳಲ್ಲಿ ಲಗ್ನ. ಹುಡುಗಿ ಬನಹಟ್ಟಿಯವಳು, ಅಲ್ಲಿನ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ಅವಳ ಅಪ್ಪ ನಾಲ್ಕು ಮಗ್ಗ ಇಟ್ಟುಕೊಂಡು ಸೀರೆ ನೇಯಿಸುತ್ತಿದ್ದರು. ಕಲ್ಯಾಣ ಮಂಟಪ ಗೊತ್ತು ಮಾಡಿದ್ದೆವು, ಲಗ್ನಪತ್ರಿಕೆಯೂ ಅಚ್ಚಾಗಿತ್ತು.

ಮಾರ್ಚ್ ತಿಂಗಳಲ್ಲಿ, ಕೊರೊನಾದ ಕಾರಣಕ್ಕೆ, ಪಾರ್ಕು ಮುಚ್ಚಬೇಕೆಂದು ಆದೇಶ ಬಂತು. ಮೊದಲು ಒಂದು ವಾರ ಎಂದರು, ಆಮೇಲೆ ದೇಶವೇ ಬಂದ್ ಆಯಿತು. ಪಾರ್ಕಿನ ಮಾಲೀಕರು ನನ್ನ ಗಂಡನಿಗೆ ಫೋನ್ ಮಾಡಿದರು.

"ನೀರ ನಿಂತ್ರ ಹಸರ ಆಕ್ಕೈತಿ, ಮೋಟಾರ್ ಜಾಮ್ ಆಕ್ಕಾವು. ದಿನಾ ರಬಕವಿಯಿಂದ ಬರಾಕ ಪೊಲೀಸ್ರು ಬಿಡೂದಿಲ್ಲ. ಮನಿ ಮಂದಿನ್ನ ಕರಕೊಂಡು ಅಲ್ಲೇ ಇದ್ದ ಬಿಡ್ರಿ."

ಹೀಗೆ ನಾವು ನಾಲ್ಕು ಜನ, ಗಂಡ, ನಾನು, ಮೂರನೇ ಇಯತ್ತೆಯಲ್ಲಿ ಓದುತ್ತಿದ್ದ ಮಗಳು ಮತ್ತು ಅತ್ತೆ, ಒಂದು ಗ್ಯಾಸ್ ಸಿಲಿಂಡರ್, ಜೋಳದ ಹಿಟ್ಟಿನ ಡಬ್ಬಿ, ಹಾಸಿಗೆ ಸುರುಳಿ ಹೇರಿಕೊಂಡು ವಾಟರ್ ಪಾರ್ಕಿನಲ್ಲಿ ಸಂಸಾರ ಹೂಡಿದೆವು. ಬಟ್ಟೆ ಬದಲಿಸುವ ಕೋಣೆಗಳ ಹಿಂದೆ ಕೆಲಸಗಾರರಿಗೆಂದು ಕಟ್ಟಿದ ಎರಡು ಖೋಲಿಗಳಿದ್ದವು. ಬಣ್ಣದ ದೊಡ್ಡ ಛತ್ರಿಯ ಕೆಳಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ಹಸಿರು ಜಾರುಬಂಡಿಯ ಕಟಾಂಜನದ ಮೇಲೆ ಅತ್ತೆಯ ಸೀರೆ ಒಣಗುತ್ತಿತ್ತು. ಮಗಳು ಮೊದಲ ವಾರದಲ್ಲೇ ಈಜು ಕಲಿತಳು, ಎರಡನೇ ವಾರದಲ್ಲಿ ಅವಳಿಗೂ ಬೇಸರವಾಯಿತು. ಇಡೀ ಪಾರ್ಕು ಒಬ್ಬಳದೇ ಆದರೆ ಆಟವಾಡುವುದಕ್ಕೆ ಹುರುಪು ಬರುವುದಿಲ್ಲ ಎಂಬುದು ಆಗ ಗೊತ್ತಾಯಿತು. ಜಾರುಬಂಡಿಗೆ ಸರತಿ ಬೇಕು, ಹಿಂದೆ ನಿಂತು ನೂಕುವವರು ಬೇಕು.

ಅತ್ತ ಹಡಗಿನಲ್ಲಿ ಪ್ರವಾಸಿಗಳನ್ನೆಲ್ಲ ಒಂದು ಬಂದರಿನಲ್ಲಿ ಇಳಿಸಿದ್ದರು. ಕೆಲಸಗಾರರನ್ನು ಇಳಿಸಿಕೊಳ್ಳಲು ಯಾವ ಬಂದರೂ ಒಪ್ಪಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಕೋಣೆ ಕೊಟ್ಟು ಒಳಗೇ ಇರಲು ಹೇಳಿದರು. ಮೈದುನನಿಗೆ ಬಾಲ್ಕನಿ ಇದ್ದ ಕೋಣೆ ಸಿಕ್ಕಿತು. ಅವನು ವಿಡಿಯೋ ಕಾಲಿನಲ್ಲಿ ಅತ್ತಿಗೆಯಾದ ನನಗೆ ಕೋಣೆಯನ್ನೆಲ್ಲ ತೋರಿಸಿದ.

"ವೈನಿ, ನಾಕ ವರ್ಷ ಈ ಹಾಸಿಗಿ ಮಂದಿಗೆ ಹಾಸೇನಿ. ಈಗ ನಾನ ಹಾಸಿಕೊಂಡು ನಾನ ಮಲಗಾಕತ್ತೇನಿ" ಎಂದ.

ಅತ್ತೆಗೆ ಸಮುದ್ರ ಕಂಡು ಗೊತ್ತಿಲ್ಲ. ಅವರು ಕೇಳಿದ್ದು ಒಂದೇ ಮಾತು. "ಉಣ್ಣಾಕ ಏನ ಕೊಡ್ತಾರೋ?"

"ಬಾಗಲಾ ಬಡದು ಡಬ್ಬಿ ಇಟ್ಟ ಹೋಗ್ತಾರಬೇ. ನಾ ಬಾಗಲಾ ತಗಿಯೂದರಾಗ ಅವರ ಹೋಗಿರತಾರ."

ದಿನಕ್ಕೆರಡು ಸಲ ಜ್ವರ ನೋಡುತ್ತಿದ್ದರಂತೆ. ಉಳಿದ ಹೊತ್ತೆಲ್ಲ ಮಂಚದಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಮಂಚಕ್ಕೆ. ಶುರುವಿನಲ್ಲಿ ದಿನವೂ ಫೋನ್ ಮಾಡಿ ನಗಿಸುತ್ತಿದ್ದ. ಬರಬರುತ್ತ ಮಾತು ಕಡಿಮೆಯಾಯಿತು. ಫೋನ್ ಹಚ್ಚಿ ಸುಮ್ಮನೆ ಕೂಡುತ್ತಿದ್ದ. ನಾವೇ ಮಾತಾಡಬೇಕು, ಅವನು ಕೇಳಬೇಕು. ಲಗ್ನದ ತಾರೀಖು ಬಂತು, ಹೋಯಿತು. ಆ ದಿನ ಯಾರೂ ಅದರ ಮಾತೆತ್ತಲಿಲ್ಲ.

ಜೂನ್‌ನಲ್ಲಿ ಒಂದು ದಿನ ಅವನು ನನಗೊಬ್ಬಳಿಗೇ ಫೋನ್ ಮಾಡಿದ. ಜ್ವರ ಬಂದಿತ್ತು, ಪರೀಕ್ಷೆ ಮಾಡಿದಾಗ ಪಾಸಿಟಿವ್ ಎಂದಿದ್ದರು. ರೋಗಿಗಳನ್ನಿಟ್ಟಿದ್ದ ಕೆಳಗಿನ ಅಂತಸ್ತಿಗೆ ಅವನನ್ನು ಒಯ್ಯುವವರಿದ್ದರು. ಅಲ್ಲಿ ಫೋನ್ ಹತ್ತುವುದಿಲ್ಲ.

"ಅವ್ವಗ ಹೇಳಬ್ಯಾಡ್ರಿ. ಅಣ್ಣಗೂ ಬ್ಯಾಡ, ಅಂವಾ ಮಾರಿಮ್ಯಾಲೆ ತೋರಸ್ತಾನ."

ನಾನು ಹೂಂ ಅಂದೆ. ನೆಟ್‌ವರ್ಕ್ ಇಲ್ಲವಂತೆ ಎಂದು ಮನೆಯಲ್ಲಿ ಹೇಳಿದೆ. ಐದು ದಿನ ಫೋನ್ ಬರಲಿಲ್ಲ. ಆ ಐದು ದಿನ ನಾನು ಹೇಗಿದ್ದೆನೆಂದು ನನಗೇ ನೆನಪಿಲ್ಲ. ಆರನೇ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಅತ್ತೆ ತಾಟನ್ನು ಮುಂದೆ ಸರಿಸಿ ನನ್ನ ಮುಖ ನೋಡಿದರು.

"ಅವಗ ಅರಾಮಿಲ್ಲ, ಹೌದಲ್ಲ?"

ನಾನು ರೊಟ್ಟಿ ತರಲು ಎದ್ದೆ.

"ಐದ ದಿನಾ ಆತು, ಪಲ್ಲೆಕ್ಕ ಎರಡೆರಡ ಸಲ ಉಪ್ಪ ಹಾಕಾಕತ್ತೀ. ನಾ ಅದನ್ನ ತಿನ್ನಾಕತ್ತೇನಿ. ಏನಾಗೈತಿ ಹೇಳ."

ಹೇಳಿದೆ. ಅತ್ತೆ ಅಳಲಿಲ್ಲ. ನನ್ನ ಗಂಡನನ್ನು ಕರೆದು ಅವರಿಗೂ ಹೇಳಿಸಿದರು. ಆಮೇಲೆ ನನಗೆ, "ಇನ್ನ ಮ್ಯಾಲೆ ಇಂಥಾದ್ದು ಒಬ್ಬಾಕಿನ ಹೊತಕೊಂಡ ಕೂಡಬ್ಯಾಡ" ಎಂದರು. ಮಾರನೇ ದಿನ ಮೈದುನನ ಫೋನ್ ಬಂತು. ಜ್ವರ ಇಳಿದು ಮತ್ತೆ ಮೇಲಿನ ಕೋಣೆಗೆ ಬಂದಿದ್ದ, ನಾಲಿಗೆಗೆ ರುಚಿ ಮಾತ್ರ ಇನ್ನೂ ಬಂದಿರಲಿಲ್ಲ.

ಅದೇ ಹೊತ್ತಿಗೆ ಹುಡುಗಿಯ ಅಪ್ಪ ನನ್ನ ಗಂಡನಿಗೆ ಫೋನ್ ಮಾಡಿದರು. ಸುತ್ತಿ ಬಳಸಿ ಮಾತಾಡಿ ಕೊನೆಗೆ, "ಹಡಗಾ ಎಲ್ಲಾ ಬಂದ್ ಆಗ್ಯಾವಂತ. ತಪ್ಪ ತಿಳಕೋಬ್ಯಾಡ್ರಿ, ನಾವು ಬ್ಯಾರೆ ಕಡೆ ನೋಡಬೇಕಾಕ್ಕೈತಿ" ಎಂದರು. ಅವರ ಮೇಲೆ ಸಿಟ್ಟು ಮಾಡುವಂತಿರಲಿಲ್ಲ. ಅವರ ಮನೆಯ ಮಗ್ಗಗಳೂ ಎರಡೂವರೆ ತಿಂಗಳು ನಿಂತಿದ್ದವು. ಲಗ್ನಗಳೇ ಇಲ್ಲದಿದ್ದರೆ ಸೀರೆ ಯಾರು ಕೊಳ್ಳಬೇಕು?

ಅದಾಗಿ ಒಂದು ತಾಸಿನಲ್ಲಿ ಹುಡುಗಿಯೇ ನನಗೆ ಫೋನ್ ಮಾಡಿದಳು. ಅವತ್ತಿನ ತನಕ ನಾವಿಬ್ಬರೂ ಮಾತಾಡಿದ್ದು ಎರಡೋ ಮೂರೋ ಸಲ.

"ವೈನಿ, ಅಪ್ಪಾರು ಹೇಳಿದ್ದು ನನ್ನ ಮಾತಲ್ಲರಿ. ಅವರ ಬರೂತನಕ ನಾ ಯಾರ ಮುಂದೂ ಬಂದ ಕೂಡೂದಿಲ್ಲ ಅಂತ ಮನ್ಯಾಗ ಹೇಳೇನಿ."

ಅವನಿಗೆ ಕಾಯಿಲೆಯಾದದ್ದನ್ನು ಅವಳಿಗೂ ಹೇಳಿದೆ. "ಅವರು ನನ್ನ ಜೋಡಿ ಮಾತಾಡಿದ್ರು, ಜ್ವರ ಬರೂ ಹಿಂದಿನ ದಿನಾನೂ. ಮುಂದ ಸುದ್ದಿನ ಇಲ್ಲ. ನನಗ ಯಾಕ ಹೇಳಲಿಲ್ಲರಿ?" ಎಂದಳು.

ಜುಲೈನಲ್ಲಿ ಹಡಗು ಗೋವಾದ ಹತ್ತಿರ ಬಂದು ನಿಂತಿತು. ನೆಲ ಕಣ್ಣಿಗೆ ಕಾಣುತ್ತಿತ್ತಂತೆ, ಆದರೆ ಇಳಿಯಲು ಮತ್ತೆ ಒಂಬತ್ತು ದಿನ. ಅಲ್ಲಿಂದ ಬಸ್ಸಿನಲ್ಲಿ ತಂದು ಜಮಖಂಡಿಯ ಒಂದು ಹಾಸ್ಟೆಲಿನಲ್ಲಿ ಹದಿನಾಲ್ಕು ದಿನ ಇಟ್ಟರು. ಅತ್ತೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡರು. ಕಂಪೌಂಡಿನ ಹೊರಗೆ ನಿಂತು ಕರೆದಾಗ ಅವನು ಮೊದಲ ಅಂತಸ್ತಿನ ಖಿಡಕಿಗೆ ಬಂದ. ಮುಖದ ತುಂಬ ಗಡ್ಡ.

"ಸೊರಗೀದಿ" ಎಂದರು ಅತ್ತೆ.

"ಇಲ್ಲಬೇ, ಗಡ್ಡದಾಗ ಹಂಗ ಕಾಣತೈತಿ."

ಅಷ್ಟೇ ಮಾತು. ಬುತ್ತಿಯನ್ನು ಕಾವಲುಗಾರನ ಕೈಯಲ್ಲಿ ಕೊಟ್ಟೆವು. ವಾಪಸು ಬರುವಾಗ ಮುಧೋಳದ ತನಕ ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಲೇ ಇದ್ದರು.

ರಬಕವಿಯಲ್ಲಿ ನಮ್ಮ ಓಣಿಯನ್ನು ಸೀಲ್ ಮಾಡಿದ್ದರಿಂದ ಅವನೂ ಪಾರ್ಕಿಗೇ ಬಂದ. ಎರಡನೇ ಖೋಲಿ ಅವನಿಗೆ ಕೊಟ್ಟೆವು. ಅವನು ಹೊರಗೇ ಬರುತ್ತಿರಲಿಲ್ಲ. ಯಾರೂ ಹೊರಗೆ ಬರಬೇಡ ಎಂದಿರಲಿಲ್ಲ, ರೂಢಿ ಹಾಗಾಗಿತ್ತು. ಅವನು ಆರಾಮ ಮಾಡಲಿ ಎಂದುಕೊಂಡು ನಾನೂ ಊಟದ ತಾಟನ್ನು ಹೊಸ್ತಿಲಲ್ಲಿಟ್ಟು ಬಾಗಿಲು ಬಡಿದು ಬರುತ್ತಿದ್ದೆ. ಮೂರನೇ ದಿನ ಅವನು ಒಳಗಿನಿಂದಲೇ ಕರೆದ.

"ವೈನಿ, ಬಾಗಲಾ ಬಡದು ತಾಟ ಇಟ್ಟ ಹೋಗಬ್ಯಾಡ್ರಿ. ಒಳಗ ಬರ್ರಿ, ಇಲ್ಲಾ ನನ್ನ ಹೊರಗ ಕರೀರಿ. ಅದೊಂದ ಸಪ್ಪಳಾ ಮಾತ್ರ ಬ್ಯಾಡ."

ಅವತ್ತಿನಿಂದ ಛತ್ರಿಯ ಕೆಳಗೆ ಐವರ ಸಾಲು ಹಾಕಿದೆ. ಮಗಳು ಕಾಕಾನ ಕೈ ಹಿಡಿದು ಎಳೆದು ತಂದಳು. ನಿಧಾನಕ್ಕೆ ಅವನು ಅಣ್ಣನ ಜೊತೆ ಪಂಪಿನ ಮನೆಗೆ ಹೋಗತೊಡಗಿದ. ಜಾರುಬಂಡಿಗಳನ್ನು ಉಜ್ಜಿ ತೊಳೆದ. ನಮ್ಮೆಲ್ಲರ ಹಾಸಿಗೆಗಳನ್ನು ಒಂದು ಸುಕ್ಕೂ ಇಲ್ಲದಂತೆ ಹಾಸುವ ಚಾಳಿ ಮಾತ್ರ ಬಿಡಲಿಲ್ಲ.

ಒಂದು ದಿನ ಹುಡುಗಿ, ಅವಳ ಅಪ್ಪ ಸ್ಕೂಟರಿನ ಮೇಲೆ ಬಂದರು. ಹುಡುಗಿಯ ಹಟಕ್ಕೆ ಮಣಿದು ಬಂದಿದ್ದಾರೆಂದು ಅಪ್ಪನ ಮುಖ ನೋಡಿದರೆ ತಿಳಿಯುತ್ತಿತ್ತು. ಛತ್ರಿಯ ಕೆಳಗೆ ದೂರ ದೂರ ಕೂತೆವು. ಚಹಾ ಆದ ಮೇಲೆ ಹುಡುಗಿಯ ಅಪ್ಪ ನೇರವಾಗಿ ಕೇಳಿದರು.

"ಮತ್ತ ಹಡಗಿಗೆ ಹೊಕ್ಕೀರೇನು?"

ಮೈದುನ ಅಣ್ಣನ ಕಡೆ ನೋಡಿದ, ನಮ್ಮ ಕಡೆ ನೋಡಿದ. ಇಲ್ಲ ಎಂದುಬಿಡಲಿ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

"ಕರದ್ರ ಹೊಕ್ಕೀನ್ರಿ. ನನಗ ಬರೂ ಕೆಲಸಾ ಅದು" ಎಂದ.

ಅವರು ಎದ್ದು ಹೋಗುತ್ತಾರೆಂದುಕೊಂಡೆ. ಮಾತಾಡಿದವಳು ಹುಡುಗಿ. ಅಪ್ಪನ ಎದುರಿಗೇ ಅವನಿಗೆ ಹೇಳಿದಳು.

"ಹೋಗ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಜ್ವರ ಬಂದ್ರ ಮೊದಲ ನನಗ ಹೇಳಬೇಕು. ಆಮ್ಯಾಲೆ ಉಳದ ಮಂದಿಗೆ."

ಅವನು ತಲೆ ಬಗ್ಗಿಸಿ ಹೂಂ ಎಂದ. ಅವಳಪ್ಪ ಮಗಳನ್ನೇ ನೋಡುತ್ತ ಕೂತರು. ಆಮೇಲೆ, "ಮಂಟಪಾ ಎಲ್ಲಾ ಬಂದ್ ಅದಾವಲ್ಲ, ಲಗ್ನಾ ಎಲ್ಲಿ ಮಾಡೂನು?" ಎಂದರು. ಒಪ್ಪಿಗೆ ಎಂಬ ಮಾತು ಅವರ ಬಾಯಿಂದ ಬಂದದ್ದು ಹಾಗೆ.

ನನ್ನ ಗಂಡ ಅಲೆಯ ಹೊಂಡದ ಕಡೆ ಕೈ ತೋರಿಸಿದರು. ಒಳಗೆ ಬಣ್ಣ ಬಳಿಯಲೆಂದು ಅದರ ನೀರನ್ನು ಹೊರಬಿಟ್ಟು ಖಾಲಿ ಮಾಡಿದ್ದರು. ಒಂದು ಕಡೆ ನೆಲಮಟ್ಟದಿಂದ ಶುರುವಾಗಿ ಇಳಿಯುತ್ತ ಇನ್ನೊಂದು ಕಡೆ ಆಳವಾಗುವ ಹೊಂಡ. ಐವತ್ತು ಜನರಿಗಷ್ಟೇ ಪರವಾನಗಿ ಸಿಗುತ್ತಿತ್ತು. ಇಳಿಜಾರಿನಲ್ಲಿ ಅಂತರ ಬಿಟ್ಟು ಐವತ್ತು ಕುರ್ಚಿ ಹಾಕಿದರೆ ಎಲ್ಲರಿಗೂ ಕೆಳಗಿನ ಹಂದರ ಕಾಣುತ್ತದೆ ಎಂದರು.

"ನೀರಿಲ್ಲದ ಹೊಂಡದಾಗ ಲಗ್ನಾ ಏನು?" ಎಂದು ಅತ್ತೆ ಗೊಣಗಿದರು. ಮಾಲೀಕರು ಒಪ್ಪಿದರು, ಲಗ್ನ ಮಾಡಿಸುವ ಅಯ್ಯನವರು ನಕ್ಕು ಬರುತ್ತೇನೆಂದರು. ಶ್ರಾವಣದಲ್ಲಿ, ಒಂದು ಬೆಳಿಗ್ಗೆ, ಅಲ್ಲೇ ಲಗ್ನವಾಯಿತು. ಸೀರೆ ಹುಡುಗಿಯ ಮನೆಯ ಮಗ್ಗದ್ದೇ. ಹೊಂಡದ ಗೋಡೆಗೆ ಬಡಿದು ಮಂತ್ರ ಎರಡೆರಡು ಸಲ ಕೇಳುತ್ತಿತ್ತು. ಅಕ್ಷತೆ ಹಾಕುವ ಹೊತ್ತಿಗೆ ಮಳೆ ಹನಿಯಿತು, ಊಟದ ಹೊತ್ತಿಗೆ ಜೋರಾಯಿತು. ಗಂಡ ಊಟದ ಎಲೆ ಬಿಟ್ಟು, ನೀರು ಹೊರಹಾಕುವ ಮೋಟಾರು ಚಾಲೂ ಮಾಡಲು ಓಡಿದರು. ಗೊಣಗಿದ್ದ ಅತ್ತೆಯೇ ಬೀಗಿತ್ತಿಯ ಕೈ ಹಿಡಿದು, ಇಂಥ ಅಗಲವಾದ ಮಂಟಪ ಜಮಖಂಡಿಯಲ್ಲೂ ಸಿಗುವುದಿಲ್ಲ ಎಂದು ತೋರಿಸುತ್ತ ತಿರುಗಿದರು.

ಆ ಚಳಿಗಾಲದಲ್ಲಿ ಪಾರ್ಕು ಮತ್ತೆ ತೆರೆಯಿತು. ಮೊದಲ ವಾರ ಪಂಪಿನ ಜಾಳಿಗೆಯಲ್ಲಿ ಗಂಡನಿಗೆ ಸಿಕ್ಕದ್ದು ಬರೀ ಮಾಸ್ಕು. ಮಂದಿ ಕಟ್ಟಿಕೊಂಡೇ ನೀರಿಗಿಳಿದು, ಒದ್ದೆಯಾದ ಮೇಲೆ ಅಲ್ಲೇ ಬಿಟ್ಟು ಹೋಗುತ್ತಿದ್ದರು. ನಾಲ್ಕು ತಿಂಗಳು ನಡೆಯುವುದರೊಳಗೆ ಎರಡನೇ ಅಲೆ ಬಂದು ಮತ್ತೆ ಬಾಗಿಲು ಹಾಕಿತು.

ಆ ಸಲ ಕಾಯಿಲೆ ಬಿದ್ದವರು ಹುಡುಗಿಯ ಅಪ್ಪ. ಅವರಿಗೆ ಉಸಿರು ಸಾಲದಾಯಿತು. ಆಸ್ಪತ್ರೆಯಲ್ಲಿ ಮಂಚವೇನೋ ಸಿಕ್ಕಿತು, ಪಕ್ಕದಲ್ಲಿರಲು ಯಾರೂ ಇರಲಿಲ್ಲ. ಮನೆಯವರೆಲ್ಲ ಜ್ವರದಲ್ಲಿದ್ದರು. ತನಗೆ ಒಮ್ಮೆ ಬಂದು ಹೋಗಿದೆ ಎಂದು ಹೇಳಿ ಮೈದುನ ಒಳಗೆ ಹೋದ. ಹನ್ನೆರಡು ದಿನ ಮಾವನ ಮೈ ಒರೆಸಿದ, ಹೊರಳಿಸಿದ, ಮೇಲುಹಾಸು ಬದಲಿಸಿದ. ಪಕ್ಕದ ಮಂಚದವರದೂ ಬದಲಿಸಿದನಂತೆ. ಮಾವ ಬದುಕಿ ಬಂದರು. ಈಗಲೂ ಮಾಳಿಗೆಯ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಾರೆ. ಅಳಿಯನ ಬಗ್ಗೆ ಹೆಚ್ಚು ಮಾತಾಡುವವರಲ್ಲ. ಹಡಗಿನಿಂದ ಮತ್ತೆ ಕರೆ ಬಂದಾಗ, ಅವನು ಹೇಳುವುದಕ್ಕೆ ಮೊದಲೇ, "ಹೋಗಿ ಬರ್ರಿ, ಇಲ್ಲಿದ್ದು ನಾವು ನೋಡಕೋತೀವಿ" ಎಂದರಂತೆ.

ಅವನು ಹೋಗಿ ಈಗ ವರ್ಷಗಳಾದವು. ನಡುನಡುವೆ ಬಂದು ಹೋಗುತ್ತಾನೆ. ಆ ಹುಡುಗಿ, ಈಗ ನನ್ನ ಓರಗಿತ್ತಿ, ಅದೇ ಶಾಲೆಯಲ್ಲಿ ಗಣಿತ ಹೇಳುತ್ತಾಳೆ, ಅವರಿಗೊಬ್ಬ ಮಗನಿದ್ದಾನೆ. ನಮ್ಮ ಪಾರ್ಕು ಕೈ ಬದಲಾಯಿತು. ಹೊಸ ಮಾಲೀಕರು ಇನ್ನೆರಡು ಜಾರುಬಂಡಿ ಹಾಕಿಸಿದ್ದಾರೆ. ಬೇಸಿಗೆಯಲ್ಲಿ ಈಗ ಸಾವಳಗಿಯ ಕಡೆಯ ಹೆಣ್ಣುಮಕ್ಕಳು ಟ್ರ್ಯಾಕ್ಟರಿನ ಟ್ರೇಲರ್ ತುಂಬ ಬರುತ್ತಾರೆ. ಟಿಕೆಟ್ ಕೊಂಡು ಒಳಗೆ ಹೋಗಿ, ನೀರಿಗಿಳಿಯದೆ, ಅಂಚಿನ ಮೇಲೆ ಸಾಲಾಗಿ ಕೂತು ಕಾಲಷ್ಟೇ ಇಳಿಬಿಟ್ಟು, ಇಡೀ ದಿನ ಮಾತಾಡಿ ಎದ್ದು ಹೋಗುತ್ತಾರೆ. ದೂರ ದೂರ ಕೂತ ಆ ವರ್ಷ ನೆನಪಾಗಿ, ನೀರಿಗಿಳಿಯಿರಿ ಎಂದು ನಾನು ಅವರಿಗೆ ಹೇಳುವುದಿಲ್ಲ.