ಮೊಸಳೆ ಕಣ್ಣೀರು ಮತ್ತು ಪಕ್ಕದ ಮನೆಯ ಅಕ್ಕ

ಹೋದ ವಾರ ಮನೆಗೆ ಅವರೆಕಾಯಿ ತಂದಿದ್ದೆ. ನೆನೆಸಿದ ಕಾಳು ಹಿತಕುತ್ತಾ ಕೂತಾಗ ಬೆರಳಿಗೆ ಅಂಟಿದ ಸೊಗಡು ಮೂಗಿಗೆ ಬಡಿದು, ಚಿಂತಾಮಣಿಯ ನಮ್ಮ ಪಕ್ಕದ ಮನೆಯ ಜಗಲಿ ಕಣ್ಣ ಮುಂದೆ ಬಂತು. ಅಲ್ಲಿ ಒಂದೇ ಪಾತ್ರೆಗೆ ಕೈಹಾಕಿ ಕಾಳು ಹಿತಕುತ್ತಾ ಜಗಳವಾಡುತ್ತಿದ್ದ ಅತ್ತೆ ಸೊಸೆ…

ಸೊಸೆಯನ್ನು ನಾನು ಅಕ್ಕ ಅನ್ನುತ್ತಿದ್ದೆ, ಅತ್ತೆಯನ್ನು ಅಜ್ಜಿ. ಅಕ್ಕ ಹಿಂದೂಪುರದ ಕಡೆಯವರು, ಮನೆಮಾತು ತೆಲುಗು. ಗಂಡ ಬಸ್ ಕಂಡಕ್ಟರ್ ಆದ್ದರಿಂದ ಮನೆಯಲ್ಲಿ ಹೆಚ್ಚಾಗಿ ಇವರಿಬ್ಬರೇ. ಎಂಬತ್ತರ ದಶಕದ ಕೊನೆಯ ವರ್ಷಗಳು. ನಾನಿನ್ನೂ ಮಿಡ್ಲ್ ಸ್ಕೂಲ್ ಹುಡುಗಿ. ಬೀದಿಯವರೆಲ್ಲ ಅವರಿಬ್ಬರನ್ನು ಹಾವು ಮುಂಗುಸಿ ಅನ್ನುತ್ತಿದ್ದರು. ಅವೆರಡೂ ಹುಟ್ಟು ವೈರಿಗಳು, ಕಂಡಲ್ಲಿ ಕಾದಾಡುತ್ತವೆ, ಅದಕ್ಕೇ ಆ ಮಾತು ಎಂದು ಅಪ್ಪ ಹೇಳಿದ್ದರು. ಆದರೆ ಬಸ್ ಸ್ಟ್ಯಾಂಡಿನ ಹತ್ತಿರ ಹಾವಾಡಿಗ ಎರಡನ್ನೂ ಜೊತೆಗೇ ತರುತ್ತಿದ್ದ. ಎಷ್ಟು ಹೊತ್ತು ಕಾದರೂ ಅವು ಕಾದಾಡುತ್ತಿರಲಿಲ್ಲ. ಮುಂಗುಸಿ ಬಿಸಿಲಲ್ಲಿ ನಿದ್ದೆ ಮಾಡುತ್ತಿತ್ತು.

"ಎಮ್ಮೆ ಚರ್ಮ ಕಣೇ ನಿಂದು, ಎಷ್ಟು ಬೈದ್ರೂ ನಾಟಲ್ಲ" ಅನ್ನುತ್ತಿದ್ದರು ಅಜ್ಜಿ. "ನಾಟ್ದಿದ್ರೆ ಮತ್ಯಾಕೆ ಬೈತೀರಿ?" ಅನ್ನುತ್ತಿದ್ದರು ಅಕ್ಕ. ಜಗಳ ಅಲ್ಲಿಂದ ಮುಂದಕ್ಕೆ ಹೋಗುತ್ತಿತ್ತು. ಕಾಳು ಹಿತಕುವುದು ಮಾತ್ರ ನಿಲ್ಲುತ್ತಿರಲಿಲ್ಲ.

ಒಂದು ಚಳಿಗಾಲ ಅಜ್ಜಿ ತೀರಿಕೊಂಡರು. ಅಕ್ಕ ಅಂದು ಅತ್ತ ಹಾಗೆ ಯಾರಾದರೂ ಅತ್ತಿದ್ದನ್ನು ನಾನು ನೋಡಿರಲಿಲ್ಲ. ನಮ್ಮ ಬಾಗಿಲಲ್ಲಿ ನಿಂತಿದ್ದ ಹೆಂಗಸರಲ್ಲೊಬ್ಬರು ಮೆಲ್ಲಗೆ, "ಎಲ್ಲಾ ಮೊಸಳೆ ಕಣ್ಣೀರು ಬಿಡು" ಅಂದರು.

ಮರುದಿನ ಕನ್ನಡ ಮೇಡಂ ಹತ್ತಿರ ಅರ್ಥ ಕೇಳಿದೆ. ಮೊಸಳೆ ಬೇಟೆಯನ್ನು ತಿನ್ನುವಾಗ ಕಣ್ಣೀರು ಸುರಿಸುತ್ತದೆ ಎಂದು ಹಿಂದಿನವರು ನಂಬಿದ್ದರಂತೆ. ಹಾಗಾಗಿ ತೋರಿಕೆಯ ಅಳುವಿಗೆ ಆ ಹೆಸರು. ನನಗೆ ಇನ್ನಷ್ಟು ಗೊಂದಲವಾಯಿತು. ಅಕ್ಕ ಯಾರನ್ನು ತಿಂದರು?

ತಿಥಿಯೆಲ್ಲ ಮುಗಿದ ಮೇಲೆ ಅಕ್ಕನನ್ನೇ ಕೇಳಿಬಿಟ್ಟೆ. ಅವರು ಬೈಯಲಿಲ್ಲ.

"ನಮ್ ತೆಲುಗಲ್ಲೂ ಮೊಸಲಿ ಕನ್ನೀರು ಅಂತಾರಮ್ಮ" ಅಂದರು. "ಯಾವ ಕಣ್ಣೀರೋ ನಂಗೇ ಗೊತ್ತಾಗ್ತಿಲ್ಲ ಕಣಮ್ಮ. ಈಯಮ್ಮ ಹೋದ್ರೆ ಸಾಕಪ್ಪಾ ಅಂತ ಎಷ್ಟೋ ಸಲ ಅಂದ್ಕೊಂಡಿದ್ದೆ. ಈಗ ಹೋದ್ರು. ಅಳು ಯಾಕ್ ಬಂತು?" ಎಂದು ನನ್ನನ್ನೇ ಕೇಳಿದರು.

ಆಮೇಲೊಂದು ಮಧ್ಯಾಹ್ನ ಗೋಡೆಯಾಚೆಯಿಂದ ಅಜ್ಜಿಯ ದನಿ ಕೇಳಿಸಿತು. "ಎಮ್ಮೆ ಥರ ನಿಂತ್ಕೊಂಡಿದ್ಯಲ್ಲೇ!" ಓಡಿಹೋಗಿ ನೋಡಿದೆ. ಹಾಲು ಉಕ್ಕಿ ಒಲೆಯೆಲ್ಲ ಹರಿದಿತ್ತು. ಅಡುಗೆಮನೆಯಲ್ಲಿ ಅಕ್ಕ ಒಬ್ಬರೇ, ತಮ್ಮನ್ನು ತಾವೇ ಬೈದುಕೊಳ್ಳುತ್ತಿದ್ದರು. ರಾಗ, ಗದರಿಕೆ, ಎಲ್ಲ ಅಜ್ಜಿಯದೇ. ನನ್ನನ್ನು ಕಂಡು ನಕ್ಕರು. "ಬೈಯೋರಿಲ್ದೆ ಕೈ ಕೆಲ್ಸಾನೇ ಓಡಲ್ಲಮ್ಮ" ಅಂದವರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ನಗುತ್ತಿದ್ದರೋ ಅಳುತ್ತಿದ್ದರೋ, ಇವತ್ತಿಗೂ ನನಗೆ ತಿಳಿಯದು.

ಅಪ್ಪನಿಗೆ ಚಿಕ್ಕಬಳ್ಳಾಪುರಕ್ಕೆ ವರ್ಗವಾಗಿ ನಾವು ಊರು ಬಿಟ್ಟೆವು. ಎಷ್ಟೋ ವರ್ಷದ ಮೇಲೆ ಎಲ್ಲೋ ಓದಿದೆ: ನೀರಿನಿಂದ ಮೇಲೆ ಬಂದ ಮೊಸಳೆಗೆ ಕಣ್ಣು ಒಣಗದಿರಲೆಂದು ನೀರೂರುತ್ತದಂತೆ. ಅದರಲ್ಲಿ ದುಃಖವೂ ಇಲ್ಲ, ಮೋಸವೂ ಇಲ್ಲ. ಇದನ್ನು ಅಕ್ಕನಿಗೆ ಹೇಳಬೇಕು ಅಂದುಕೊಂಡೆ. ಹೇಳಿದ್ದರೆ ಸಮಾಧಾನವಾಗುತ್ತಿತ್ತೋ, ಇನ್ನಷ್ಟು ಗೊಂದಲವೋ…

ಮೊನ್ನೆ ಚಿಂತಾಮಣಿಗೆ ಹೋದೆ. ಆ ಮನೆಯ ಬಾಗಿಲಿಗೆ ಬಂದದ್ದು ಗುರುತಿಲ್ಲದ ಹೆಂಗಸು. ಅಕ್ಕ ತೀರಿಕೊಂಡು ಕೆಲವು ವರ್ಷಗಳೇ ಆದವಂತೆ.

"ನೀವು ಅವ್ರಿಗೆ ಏನಾಗ್ಬೇಕು?" ಅಂತ ಕೇಳಿದರು.

ಏನಾಗಬೇಕು? ತಡವರಿಸಿ, "ಪಕ್ಕದ ಮನೆ" ಅಂದೆ. ಅವರು ಪಕ್ಕಕ್ಕೆ ತಿರುಗಿ ನೋಡಿದರು. ನಾನೂ ನೋಡಿದೆ. ಅಲ್ಲಿ ನಾವಿದ್ದ ಮನೆಯೇ ಇರಲಿಲ್ಲ.